ಏಸಾ ಟ್ರೆಡ್‌ವೆಲ್ಲನ ಬೂಸಾ ಪಾರುಪತ್ಯ

ಏಸಾ ಟ್ರೆಡ್‌ವೆಲ್ ನನ್ನ ಕೋಣೆಯ ಜೊತೆಗಾರ. ಒಹಾಯೋದ ನಮ್ಮ ಸಣ್ಣ ಕಾಲೇಜಿನಲ್ಲಿ ಅವನಷ್ಟು ಒಳ್ಳೆಯವನೂ ಇರಲಿಲ್ಲ, ಅವನಷ್ಟು ತಲೆ ತಿನ್ನುವವನೂ ಇರಲಿಲ್ಲ. ಚಳಿಗಾಲದಲ್ಲಿ ನಾವು ಕಿಟಕಿಯ ಸಂದಿಗೆಲ್ಲ ಹಳೇ ಬಟ್ಟೆ ತುರುಕಿ, ಒಲೆಯ ಪಕ್ಕ ಮುದುಡಿ ಗ್ರೀಕ್ ಉರುಹೊಡೆಯುತ್ತಿದ್ದರೆ, ಅವನು ಬಂದು ಕಿಟಕಿ ತೆರೆಯುತ್ತಿದ್ದ. ಬೆಳಗಿನ ಪ್ರಾರ್ಥನೆಯ ಗಂಟೆಗೆ ಮೊದಲೇ ಎದ್ದು, ಬೋಗುಣಿಯಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ಬೂಟಿನ ಹಿಮ್ಮಡಿಯಿಂದ ಒಡೆದು, ಆ ನೀರಲ್ಲೇ ಮೈ ತೊಳೆಯುತ್ತಿದ್ದ. ತೊಳೆದುಕೊಳ್ಳಲಿ, ಬೇಡ ಅಂದವರಾರು? ಮಿಕ್ಕ ನೀರನ್ನು ನನ್ನ ಮೇಲೆ ಚಿಮುಕಿಸುತ್ತಿದ್ದ.

ಆ ಕಾಲದಲ್ಲಿ ಓದುವ ಹುಡುಗರಿಗೆ ಅಜೀರ್ಣವೇ ಒಂದು ಬಿರುದು. ಹೊಟ್ಟೆ ಹಿಡಿದುಕೊಳ್ಳದವನನ್ನು ಯಾರೂ ಜಾಣ ಅನ್ನುತ್ತಿರಲಿಲ್ಲ. ಊರೂರು ತಿರುಗುವ ಭಾಷಣಕಾರನೊಬ್ಬನ ಮಾತು ಕೇಳಿ ಬೂಸಾ ರೊಟ್ಟಿ ತಿಂದ ಏಸಾನಿಗೆ ಅದು ವಾಸಿಯಾಗಿಬಿಟ್ಟಿತು. ಅಲ್ಲಿಗೆ ನಮ್ಮ ಗ್ರಹಚಾರ ಕೆಟ್ಟಿತು.

ಯಾಕೆಂದರೆ ನಾವು ಹುಡುಗರೇ ನಡೆಸುತ್ತಿದ್ದ ಊಟದ ಸಂಘಕ್ಕೆ ಅವನನ್ನು ಪಾರುಪತ್ಯಗಾರನಾಗಿ ಆರಿಸಿದ್ದೆವು. ದಿನಸಿ ತರಿಸುವುದು, ಏನು ಬೇಯಿಸಬೇಕೆಂದು ಹೇಳುವುದು ಅವನ ಕೆಲಸ. ಅದಕ್ಕೆ ಪ್ರತಿಯಾಗಿ ಅವನ ಊಟ ಬಿಟ್ಟಿ. ಆ ಬಿಟ್ಟಿ ಊಟ ತಪ್ಪಿದರೆ ಓದು ಬಿಟ್ಟು, ಚರ್ಮ ಹದ ಮಾಡುವ ಅಪ್ಪನ ಕೆಲಸಕ್ಕೇ ಮರಳಬೇಕು. ಅದು ನಮಗೆಲ್ಲ ಗೊತ್ತಿತ್ತು.

ಮೊದಲ ವಾರವೇ ಮಾಂಸ, ಕಾಫಿ, ಕರಿಮೆಣಸು ಮೇಜಿನಿಂದ ಮಾಯವಾದವು. ಉಳಿದದ್ದು ಬೂಸಾ ರೊಟ್ಟಿ, ಬೆಂದ ಟರ್ನಿಪ್ ಗೆಡ್ಡೆ, ತಣ್ಣೀರು.

“ಏನೋ ಇದು, ನಮ್ಮಪ್ಪನ ಹಸುಗೆ ಹಾಕೋದು!” ಎಂದು ಫಿನಿಯಾಸ್ ಗೇಲಾರ್ಡ್ ತಟ್ಟೆ ತಳ್ಳಿದ.

“ನಿಮ್ಮಪ್ಪನ ಹಸು ಯಾವತ್ತಾದ್ರೂ ಅಜೀರ್ಣ ಅಂದಿದ್ಯಾ?” ಎಂದ ಏಸಾ.

ನಾವು ಬೇರೆ ದಾರಿ ಹಿಡಿದೆವು. ಹೊಳೆಯಾಚೆ ಹ್ಯಾಸ್ಕೆಲ್ ಅಮ್ಮ ಎಂಬ ವಿಧವೆಯ ತೋಟದಮನೆ ಇತ್ತು. ಸೌದೆ ಒಡೆದುಕೊಟ್ಟರೆ ಹಿಟ್ಟಿನೊಳಗೆ ಸೇಬು ತುಂಬಿ ಬೇಯಿಸಿದ ಪೈ ಕೊಡುತ್ತಿದ್ದಳು. ದಿನಾ ಸಂಜೆ ಹಿಮ ತುಳಿದುಕೊಂಡು ಹೋಗಿ, ಸೌದೆ ಒಡೆದು, ತಿಂದು ಬರುತ್ತಿದ್ದೆವು. ಎಲ್ಲರ ಕೆನ್ನೆಯೂ ಕೆಂಪಾಯಿತು. ಏಸಾ ನಮ್ಮ ಕೆನ್ನೆ ಹಿಂಡಿ, “ನೋಡ್ರೋ ಬೂಸಾ ಮಹಿಮೆ!” ಎನ್ನುತ್ತಿದ್ದ.

ವಸಂತದಲ್ಲಿ ಮತ್ತೆ ಆಯ್ಕೆಯ ದಿನ ಬಂತು. ಟೋಪಿಯೊಳಗೆ ಬಿಳಿ ಕಾಳು ಹಾಕಿದರೆ ಇರಲಿ ಎಂದು, ಕಪ್ಪು ಕಾಳು ಹಾಕಿದರೆ ಬೇಡ ಎಂದು. ಪಾರುಪತ್ಯಗಾರ ಆಗ ಒಳಗಿರುವಂತಿಲ್ಲ. ಬೆಳಿಗ್ಗೆಯೇ ಏಸಾ ಪೆಟ್ಟಿಗೆ ಕಟ್ಟಿಟ್ಟಿದ್ದ.

“ನಿಮ್ಮ ಮುಖ ನೋಡಿದ್ರೇ ಗೊತ್ತಾಗತ್ತೆ ಬಿಡೋ,” ಎಂದು ನನ್ನ ಕೈ ಕುಲುಕಿ ಹೊರಟ.

ನನ್ನ ಮುಷ್ಟಿಯಲ್ಲಿ ಕಪ್ಪು ಕಾಳಿತ್ತು, ಜೇಬಿನಲ್ಲಿ ಬಿಳಿಯದು. ಅವನು ಕಟ್ಟಿಟ್ಟ ಪೆಟ್ಟಿಗೆ ನೆನಪಾಯಿತು. ನಾನೊಬ್ಬ ಬಿಳಿ ಹಾಕಿದರೆ ಏನು ಮಹಾ, ಉಳಿದವರು ಹೇಗೂ ಕಳಿಸುತ್ತಾರೆ ಎಂದುಕೊಂಡು ಬಿಳಿಯದನ್ನೇ ಹಾಕಿದೆ. ಫಿನಿಯಾಸ್ ಟೋಪಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಒಂದಾದರೂ ಕಪ್ಪು ಇದ್ದರೆ ಕೇಳಿ!

“ಹಾಳಾದೋರಾ, ಬಿಳಿ ಹಾಕಿದ್ದು ನಾನೊಬ್ಬನೇ ಅಂದ್ಕೊಂಡಿದ್ದೆನಲ್ರೋ,” ಎಂದು ಅವನು ತಲೆ ಚಚ್ಚಿಕೊಂಡ.

ಏಸಾನನ್ನು ಎಲ್ಲೆಲ್ಲೋ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಹ್ಯಾಸ್ಕೆಲ್ ಅಮ್ಮನ ಅಡುಗೆಮನೆಯಲ್ಲಿ. ಎರಡೂ ಕೈಯಲ್ಲಿ ಪೈ ಹಿಡಿದು ತಿನ್ನುತ್ತಿದ್ದ, ಗಲ್ಲಕ್ಕೆಲ್ಲ ಸೇಬಿನ ರಸ.

“ಏನ್ ಹಂಗ್ ನೋಡ್ತೀರಿ? ಚಳಿಗಾಲ ಪೂರ್ತಿ ನಿಮ್ಮ ಕೋಟುಗಳೆಲ್ಲಾ ಇದೇ ಘಮ ಹೊಡೀತಿದ್ವು, ನನಗೇನು ಮೂಗಿಲ್ವಾ? ನಡೀತೀರಿ, ಸೌದೆ ಒಡೀತೀರಿ, ಒಳ್ಳೇದೇ ಅಂತ ಸುಮ್ನಿದ್ದೆ. ಪಾರುಪತ್ಯಗಾರ ಮಾತ್ರ ತಿನ್ನಂಗಿರ್ಲಿಲ್ಲ. ಈಗ ಬಿಡಿ, ನಾನು ಯಾರೂ ಅಲ್ಲ.”

“ಎಲ್ಲಾ ಬಿಳಿ ಕಾಳು ಕಣೋ,” ಎಂದೆ.

ಅವನು ಅಗಿಯುವುದನ್ನು ನಿಲ್ಲಿಸಿದ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ನಾಚಿಕೆಯಿಲ್ಲದೆ ಅತ್ತುಬಿಟ್ಟ. ನನಗೂ ಕಣ್ಣು ತುಂಬಿತು. ಆಮೇಲೆ ತೋಳಿನಿಂದ ಮುಖ ಒರೆಸಿಕೊಂಡು ಕೇಳಿದ:

“ನನ್ನ ಪಾರುಪತ್ಯ ಯಾವಾಗಿಂದ?”

“ನಾಳೆ ಬೆಳಗಿನ ಗಂಟೆಯಿಂದ.”

“ಹಂಗಾದ್ರೆ ಅಮ್ಮಾ,” ಎಂದು ತಟ್ಟೆ ಚಾಚಿದ, “ಇನ್ನೊಂದು ತುಂಡು ಹಾಕಿ.”