ಅಡುಗೆಮನೆಗೊಂದು, ನಡುಮನೆಗೊಂದು

ಚಾಮರಾಜಪೇಟೆಯಲ್ಲಿ ಹಂಸಾಳ ಕೈಗೆ ಒಂದು ಹಳೆಯ ಆಂಪ್ಲಿಫೈಯರ್ ಸಿಕ್ಕಿತೆಂದರೆ ಅದು ಬೇಗ ಮನೆ ಸೇರುವ ಆಸೆಯನ್ನು ಬಿಟ್ಟುಬಿಡಬೇಕು. ಕೆಟ್ಟಿದ್ದನ್ನು ಸರಿಮಾಡಿದರೆ ಅವಳಿಗೆ ಸಾಲದು. ಯಾಕೆ ಕೆಟ್ಟಿತು, ಮೊದಲು ಯಾರು ಬಿಚ್ಚಿದ್ದರು, ಆ ಪುಣ್ಯಾತ್ಮ ಇಲ್ಲಿ ಯಾಕೆ ಹೀಗೆ ಬೆಸುಗೆ ಹಾಕಿದ, ಎಲ್ಲವೂ ತಿಳಿಯಬೇಕು. “ನಿನ್ ಕೈಗೆ ಕೊಟ್ರೆ ರಿಪೇರಿ ಜೊತೆ ಜಾತಕಾನೂ ಬರೆದು ಕೊಡ್ತೀಯ,” ಎಂದು ಗಂಡ ಪ್ರಭುದೇವ ರೇಗಿಸುತ್ತಾನೆ. ಅವನದು ಪೇಟೆಯಲ್ಲಿ ಪಾತ್ರೆ ಅಂಗಡಿ. ಪಾತ್ರೆಗಳಿಗೆ ಜಾತಕ ಇರುವುದಿಲ್ಲವಾದ್ದರಿಂದ ಅವನು ಸುಖವಾಗಿದ್ದಾನೆ.

ಹಂಸಾ ಹುಟ್ಟಿದ್ದೂ ಪೇಟೆಯ ವ್ಯಾಪಾರಸ್ಥರ ಮನೆಯಲ್ಲೇ. ರೇಡಿಯೋದ ಬೆನ್ನು ಯಾಕೆ ಬಿಸಿಯಾಗುತ್ತದೆ ಎಂದು ಕೇಳಿ ಕೇಳಿ ಮನೆಮಂದಿಯ ತಲೆ ತಿಂದವಳು. ಯಾರೂ ಹೇಳಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದೇ ಊರಾಚೆಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸೇರಿದಳು ಅಂದರೂ ಸುಳ್ಳಾಗದು. ಅಲ್ಲಿ ಬೆಸುಗೆ ಹಾಕುವ ಸಾಲಿನಲ್ಲಿ ಹೆಂಗಸರದೇ ರಾಜ್ಯ. ಆ ಸಾಲಿನಲ್ಲಿ ಕೂತು ಕೈ ಪಳಗಿಸಿಕೊಂಡು, ಕೊನೆಗೆ ಬೇರೆಯವರ ಬೆಸುಗೆಯಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ಏರಿ, ನಿವೃತ್ತಳಾಗಿ ಮನೆಗೆ ಬಂದಳು. ಜಗಲಿಗೆ ಗ್ರಿಲ್ ಹಾಕಿಸಿ ಮೇಜು ಇಟ್ಟುಕೊಂಡಳು. ಈಗ ಹಳೆಯ ಸ್ಟೀರಿಯೋ ಪ್ರಿಯರಿಗೆಲ್ಲ ಆ ಜಗಲಿಯ ದಾರಿ ಗೊತ್ತು.

ಹಾಗೆ ದಾರಿ ಕೇಳಿಕೊಂಡು ಬಂದವಳು ಮಲ್ಲೇಶ್ವರದ ಮಧುರಾ. ಆಟೋದಲ್ಲಿ ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ತಂದದ್ದು ಅವಳ ತಾತನ ಕಾಲದ ಜಪಾನಿ ಆಂಪ್ಲಿಫೈಯರ್. ಅಜ್ಜಿ ಅಂಬುಜಮ್ಮ ಜೊತೆಯಲ್ಲೇ ಬಂದಿದ್ದರು.

“ಆಂಟಿ, ಫೋನಿಂದ ಹಾಡು ಹಾಕೋ ಹಾಗೆ ಬ್ಲೂಟೂತ್ ಕೂರಿಸಿಬಿಡಿ,” ಅಂದಳು ಮಧುರಾ.

“ನೀವು ಏನಾದ್ರೂ ಕೂರಿಸ್ಕೊಳಿ,” ಅಂದರು ಅಂಬುಜಮ್ಮ, “ಬೆಳಿಗ್ಗೆ ನಮ್ ಅಡುಗೆಮನೇಲಿ ಮಾತ್ರ ಮೊದಲು ಹೇಗೆ ಕೇಳಿಸ್ತಿತ್ತೋ ಹಾಗೇ ಕೇಳಿಸ್ಬೇಕು. ಇದು ಬಾಯ್ಮುಚ್ಚಿದ ಮೇಲೆ ಒಲೆ ಮುಂದೆ ನಿಂತ್ಕೊಳೋಕೇ ಮನಸ್ಸು ಬರ್ತಿಲ್ಲ. ಮೊನ್ನೆ ಸಾರಿಗೆ ಉಪ್ಪು ಹಾಕೋದೇ ಮರ್ತಿದ್ದೆ ನೋಡಿ. ಚೂರೂ ಬದಲಾಗ್ಬಾರ್ದು.”

ಅವರ ಮನೆಯ ಏರ್ಪಾಡು ಕೇಳಿ ಹಂಸಾಗೆ ನಗು ತಡೆಯಲಾಗಲಿಲ್ಲ. ಸ್ಟೀರಿಯೋ ಎಂದರೆ ಎರಡು ಸ್ಪೀಕರನ್ನು ಒಂದೇ ಕೋಣೆಯಲ್ಲಿಟ್ಟು ನಡುವೆ ಕೂತು ಕೇಳುವ ಸುಖ. ಈ ಮನೆಯಲ್ಲಿ ಅದನ್ನು ಅಣ್ಣತಮ್ಮಂದಿರ ಪಾಲಿನ ಹಾಗೆ ಹಂಚಿದ್ದರು. ಮಡಿಯಲ್ಲಿ ಅಡುಗೆ ಮಾಡುವ ಹೆಂಡತಿ ನಡುಮನೆಗೆ ಬಂದು ಕೂರುವಂತಿಲ್ಲ ಎಂದು ಶೀನಣ್ಣನವರು, ಅಂದರೆ ಮಧುರಾಳ ತಾತ, ಒಂದು ಸ್ಪೀಕರನ್ನು ಅಡುಗೆಮನೆಯ ಅಟ್ಟಕ್ಕೆ ಏರಿಸಿ, ಇನ್ನೊಂದನ್ನು ತಮ್ಮ ಕುರ್ಚಿಯ ಪಕ್ಕ ಇಟ್ಟುಕೊಂಡಿದ್ದರು.

ಮುಚ್ಚಳ ಬಿಚ್ಚಿದಾಗ ಕಂಡದ್ದು ಹೆಚ್ಚಾಗಿ ಮುಪ್ಪಿನ ಕಾಯಿಲೆಗಳೇ. ಕಂಡೆನ್ಸರುಗಳು ತಲೆ ಉಬ್ಬಿಸಿಕೊಂಡಿದ್ದವು. ವಾಲ್ಯೂಮ್ ತಿರುಗಿಸಿದರೆ ಒಗ್ಗರಣೆ ಸಿಡಿದ ಸದ್ದು. ಹಂಸಾ ಬಿಡಿಭಾಗಗಳ ಸಂತೆಯಾದ ಎಸ್.ಪಿ. ರಸ್ತೆಯಿಂದ ಬೇಕಾದ್ದನ್ನೆಲ್ಲ ತಂದು ಒಂದೊಂದಾಗಿ ಬದಲಾಯಿಸಿದಳು, ಧೂಳು ತೆಗೆದಳು, ಬ್ಲೂಟೂತಿಗೆ ಒಂದು ಮೂಲೆ ಹುಡುಕಿಕೊಟ್ಟಳು. ಪರೀಕ್ಷೆ ಮಾಡಿದಾಗ ಮಾತ್ರ ಹುಬ್ಬು ಮೇಲೇರಿತು. ಎಡಕ್ಕೆ ಬಿಟ್ಟ ಸದ್ದು ಬಲಕ್ಕೆ ಬರುತ್ತಿತ್ತು, ಬಲದ್ದು ಎಡಕ್ಕೆ.

ಸ್ಪೀಕರಿಗೆ ಹೋಗುವ ತಂತಿಗಳನ್ನು ಯಾರೋ ಒಳಗೇ ಅದಲುಬದಲು ಮಾಡಿದ್ದರು. ಅವಸರದ ಕೆಲಸವಾಗಿದ್ದರೆ ಹಂಸಾ ಬೈದು ಸುಮ್ಮನಾಗುತ್ತಿದ್ದಳು. ಆದರೆ ಆ ಬೆಸುಗೆಯಲ್ಲಿ ತಪ್ಪು ಹುಡುಕಲು ಅವಳಿಂದಲೂ ಆಗಲಿಲ್ಲ. ತಂತಿಗಳನ್ನು ಮೇಣ ಹಚ್ಚಿದ ದಾರದಿಂದ, ಜಡೆ ಹೆಣೆದಷ್ಟು ಒಪ್ಪವಾಗಿ, ಸಾಲುಗಂಟು ಹಾಕಿ ಕಟ್ಟಿದ್ದರು. ಇಷ್ಟು ಬಲ್ಲವನು ಎಡ ಬಲ ತಪ್ಪುತ್ತಾನೆಯೇ?

ಮಧುರಾಗೆ ಫೋನ್ ಮಾಡಿದಳು. “ಇದನ್ನ ಮೊದಲು ಯಾರಾದ್ರೂ ಬಿಚ್ಚಿದ್ರೇನಮ್ಮಾ?”

“ತಾತನ್ನ ಕೇಳ್ದೆ ಆಂಟಿ. ಯಾರೂ ಮುಟ್ಟೇ ಇಲ್ಲ ಅಂತಿದಾರೆ.”

ಕಾರಣ ತಿಳಿಯದೆ ಏನನ್ನೂ ಬದಲಾಯಿಸಬಾರದು ಎನ್ನುವುದು ಹಂಸಾಳ ವ್ರತ. ಆದರೆ ತಪ್ಪು ಕಣ್ಣಿಗೆ ಬಿದ್ದ ಮೇಲೆ ಕಾರ್ಖಾನೆಯ ಕೈ ಸುಮ್ಮನಿರಬೇಕಲ್ಲ. ತಂತಿಗಳನ್ನು ಸರಿಯಾದ ಜಾಗಕ್ಕೆ ಬೆಸೆದೇಬಿಟ್ಟಳು. ಮನಸ್ಸಿನಲ್ಲಿ ಕೊರೆಯುವ ಹುಳ ಉಳಿಯಿತು. ಕತ್ತರಿಸಿದ ದಾರದ ತುಂಡನ್ನು ಎಸೆಯಲಾರದೆ ಸ್ಕ್ರೂ ಡಬ್ಬಿಯೊಳಗೆ ಇಟ್ಟುಕೊಂಡಳು.

ಜೋಡಿಸಿಕೊಡಲು ಮಲ್ಲೇಶ್ವರಕ್ಕೆ ತಾನೇ ಹೋದಳು. ಅಂಬುಜಮ್ಮ ಆಗಲೇ ಒಲೆಯ ಮುಂದೆ. ಶೀನಣ್ಣನವರು ಕುರ್ಚಿಯಲ್ಲಿ ಪೇಪರ್ ಹಿಡಿದಿದ್ದರು. ಕೈ ನಡುಗುವುದರಿಂದ ಪೇಪರೂ ಸಣ್ಣಗೆ ಸದ್ದು ಮಾಡುತ್ತಿತ್ತು. ಮಧುರಾ ಪಕ್ಕದ ಪ್ಲೇಯರಿನಲ್ಲಿ ತಾತನ ಹಳೆಯ ಸಂಗೀತದ ರೆಕಾರ್ಡ್ ಹಾಕಿದಳು. ಹಾಡುಗಾರ್ತಿಯ ದನಿ ನಡುಮನೆಯ ಸ್ಪೀಕರಿನಲ್ಲಿ ತುಂಬಿ ಬಂತು. ಹಂಸಾ ಹೆಮ್ಮೆಯಿಂದ ಸುತ್ತ ನೋಡಿದರೆ, ಶೀನಣ್ಣನವರು ಪೇಪರ್ ಕೆಳಗಿಳಿಸಿ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಕೂತಿದ್ದರು.

ಅಷ್ಟರಲ್ಲಿ ಅಂಬುಜಮ್ಮ ಸೌಟು ಹಿಡಿದುಕೊಂಡೇ ಬಂದರು. “ಏನಮ್ಮಾ ಇದು? ಬರೀ ಪಿಟೀಲು, ಮೃದಂಗ! ಹಾಡೋರು ಎಲ್ಲಿ ಹೋದ್ರು?” ದನಿ ಅಳುವಿನ ಅಂಚಿನಲ್ಲಿತ್ತು. “ಚೂರೂ ಬದಲಾಗ್ಬಾರ್ದು ಅಂತ ಹೇಳಿದ್ನಲ್ಲಾ?”

ಹಂಸಾ ಸ್ಪೀಕರಿನತ್ತ ಕೈ ತೋರಿಸಿದಳು. “ಈಗ ಸರಿಯಾಗಿದೆ ಅಮ್ಮಾ,” ಅಂದಳು. “ಈ ಹಳೇ ಪ್ಲೇಟಲ್ಲಿ ಹಾಡು ಒಂದು ಕಡೆ, ಪಕ್ಕವಾದ್ಯ ಇನ್ನೊಂದು ಕಡೆ ಬರುತ್ತೆ. ಒಳಗೆ ತಂತಿ ಅದಲುಬದಲಾಗಿತ್ತು. ಹಾಡು ಬರ್ಬೇಕಾದ್ದು ಇಲ್ಲಿ, ನಡುಮನೇಲಿ.”

ಅಂಬುಜಮ್ಮ ಸೌಟು ಕೆಳಗಿಳಿಸಿದರು. “ಹಾಗಾದ್ರೆ ಇಷ್ಟು ವರ್ಷ ಇಲ್ಲಿ ಏನು ಕೇಳಿಸ್ತಿತ್ತು?”

ಹಂಸಾಳ ಕಣ್ಣು ಬಾಗಿಲ ಪಕ್ಕದ ಹಳೆಯ ಪೇಪರಿನ ಕಟ್ಟಿನ ಮೇಲೆ ನಿಂತಿತ್ತು. ರದ್ದಿ ಅಂಗಡಿಗೆ ಹಾಕಲೆಂದು ಕಟ್ಟಿಟ್ಟ ಕಟ್ಟು. ಗಂಟುಗಳು ನಡುಗುವ ಕೈಯವು, ಸ್ವಲ್ಪ ಸೊಟ್ಟ. ಆದರೆ ಅದೇ ಸಾಲು, ಅದೇ ಹೆಣಿಗೆ. ಚೀಲದಿಂದ ಡಬ್ಬಿ ತೆಗೆದು ದಾರದ ತುಂಡನ್ನು ಆ ಕಟ್ಟಿನ ಪಕ್ಕ ಇಟ್ಟಳು.

“ಸಾರ್, ನೀವೆಲ್ಲಿ ಕೆಲಸದಲ್ಲಿದ್ರಿ?”

“ಟೆಲಿಫೋನ್ ಎಕ್ಸ್‌ಚೇಂಜು,” ಅಂದರು ಶೀನಣ್ಣ. ತಂತಿಗಳನ್ನು ಹೀಗೆ ದಾರದಲ್ಲಿ ಕಟ್ಟಿ ಕಟ್ಟಿಯೇ ಬೆರಳು ಸವೆಯುವ ಉದ್ಯೋಗ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅವರಿಗೂ ಗೊತ್ತಾಯಿತು. “ಪ್ಲೇಟು ತಂದ ಹೊಸದ್ರಲ್ಲಿ ಇವಳು ಕೇಳಿದ್ಲು, ಇದ್ರಲ್ಲಿ ಹಾಡೋರೇ ಇಲ್ವಾ ಅಂತ. ಆಗ ನಂಗೆ ಗೊತ್ತಾಯ್ತು, ಹಾಡೆಲ್ಲಾ ನಾನೊಬ್ನೇ ಕೇಳ್ತಿದೀನಿ. ಹೊರಗಡೆ ವೈರು ಬದಲಾಯಿಸ್ದೆ. ಸುಣ್ಣ ಬಳಿಸ್ದಾಗಲೆಲ್ಲಾ ವೈರು ಬಿಚ್ಚಿ, ಮತ್ತೆ ಹಾಕೋವಾಗ ಯಾರಾದ್ರೂ ಎಡ ಬಲ ನೋಡಿ ಸರಿಮಾಡ್ಬಿಡೋರು. ಅದಕ್ಕೇ ಒಳಗೇ ಬದಲಾಯಿಸ್ಬಿಟ್ಟೆ.”

“ನಂಗೆ ಹೇಳೋದಲ್ವೇನ್ರೀ?”

“ಹೇಳಿದ್ರೆ ಬೇಡ ಅಂತಿದ್ದೆ ನೀನು.”

ಅಂಬುಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕೋಪವೂ ಬಂತು. “ಹೋದ ಜನ್ಮದಲ್ಲಿ ಏನು ಸಾಲ ಮಾಡಿದ್ರೋ, ಇಷ್ಟು ವರ್ಷ ಬರೀ ಪಿಟೀಲು ಕೇಳಿದಾರೆ ನೋಡಿ!”

ಹಂಸಾಗೆ ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಅವಳಿಗೆ ಯಾವಾಗಲೂ ಒಂದು ಉಳಿದಿರುತ್ತದೆ. “ಎರಡನ್ನೂ ಬೆರೆಸಿ ಎರಡು ಕಡೆಗೂ ಕಳಿಸ್ಬಹುದಿತ್ತಲ್ಲಾ ಸಾರ್?”

“ಆಗ ತೋಚ್ಲಿಲ್ಲಮ್ಮಾ. ತೋಚೋ ಹೊತ್ತಿಗೆ ಪಿಟೀಲು ಹಿಡಿಸಿಬಿಟ್ಟಿತ್ತು.”

“ಈಗ ನಾನು ಹಾಗೆ ಮಾಡ್ಕೊಡ್ಲಾ?”

“ಬೇಡ,” ಎಂದರು ಇಬ್ಬರೂ ಒಟ್ಟಿಗೆ. ಅಂಬುಜಮ್ಮನಿಗೆ ಇನ್ನು ಮುಂದೆ ಹಾಡು ಗಂಡನಿಗೇ ಹೋಗಬೇಕು. ಶೀನಣ್ಣನವರಿಗೆ ಎಲ್ಲವೂ ಮೊದಲಿನಂತೆ ಇರಬೇಕು. ಇಬ್ಬರೂ ಸೋಲುವವರಲ್ಲ. ಕೊನೆಗೆ ಹಂಸಾ ಆಂಪ್ಲಿಫೈಯರಿನ ಬೆನ್ನಿಗೆ ಪುಟ್ಟದೊಂದು ಸ್ವಿಚ್ಚು ಹಾಕಿಕೊಟ್ಟಳು. ಆ ಕಡೆ ಒತ್ತಿದರೆ ಹಾಡು ಅಡುಗೆಮನೆಗೆ, ಈ ಕಡೆ ಒತ್ತಿದರೆ ನಡುಮನೆಗೆ. ಜಗಳ ಬಗೆಹರಿಸಿದ ಸಮಾಧಾನದಲ್ಲಿ ಅಲ್ಲೇ ಊಟ ಮಾಡಿ ಮನೆಗೆ ಬಂದಳು. ಸಾರಿಗೆ ಉಪ್ಪು ಸರಿಯಾಗಿತ್ತು.

ಕೆಲವೇ ವಾರಗಳಲ್ಲಿ ಮಧುರಾಳ ಫೋನ್ ಬಂತು. ಸ್ವಿಚ್ಚು ಸಡಿಲವಾಗಿದೆಯಂತೆ.

“ಅಷ್ಟು ಬೇಗ ಹೇಗಮ್ಮಾ? ಯಾರು ಅದನ್ನ ಅಷ್ಟು ಒತ್ತೋರು?”

“ಅಜ್ಜಿ ಮೊದಲು ಎದ್ರೆ ತಾತನ ಕಡೆಗೆ ಹಾಕ್ತಾರೆ ಆಂಟಿ. ತಾತ ಮೊದಲು ಎದ್ರೆ ಅಜ್ಜಿ ಕಡೆಗೆ. ಈಗ ಇಬ್ರೂ ದಿನಾ ಇನ್ನೊಬ್ರಿಗಿಂತ ಮುಂಚೆ ಏಳೋಕೆ ನೋಡ್ತಿದಾರೆ.”

ಹಂಸಾ ಫೋನ್ ಕೆಳಗಿಟ್ಟಳು. ಕೇಳಲು ಯಾವ ಪ್ರಶ್ನೆಯೂ ಉಳಿದಿರಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಎಷ್ಟು ಒತ್ತಿದರೂ ಸವೆಯದಂಥ ಗಟ್ಟಿ ಸ್ವಿಚ್ಚೊಂದನ್ನು ಹುಡುಕಲು ಎಸ್.ಪಿ. ರಸ್ತೆಗೆ ಹೊರಟಳು.