ಹೆಳವನ ಬಾಯಲ್ಲಿ ಇಲ್ಲದ ಹೆಸರು

ಆ ಗಂಟೆಯ ಸದ್ದು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕಂಚಿನ ಗಂಟೆ, ಒಡಕು ದನಿ. ಹೋದ ತಿಂಗಳು ಯಾದಗಿರಿಯಲ್ಲಿ ನನ್ನ ತಮ್ಮನ ಮನೆಯ ಮುಂದೆ ಅದು ಬಾರಿಸಿದಾಗ ನಾನು ಒಳಗೆ ಕೂತು ಅವನ ಮೊಮ್ಮಗನ ಕುಲಾವಿ ಹೊಲಿಯುತ್ತಿದ್ದೆ. ಹೊರಗೆ ಬಂದು ನೋಡಿದರೆ ಹೆಳವ. ನಮ್ಮ ವಂಶದ ಹೆಸರುಗಳನ್ನೆಲ್ಲ ತಲೆತಲಾಂತರದಿಂದ ಬಾಯಿಪಾಠ ಇಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಅಂಗಳಕ್ಕೆ ಬಂದು ಹೇಳಿ, ಕಾಳು ಪಡೆದು ಹೋಗುವ ಮನೆತನದವನು. ಅವನ ಅಜ್ಜ ಎತ್ತಿನ ಮೇಲೆ ಬರುತ್ತಿದ್ದ, ಇವನು ಬೈಕಿನ ಮೇಲೆ ಬಂದಿದ್ದ. ಗಂಟೆ ಮಾತ್ರ ಅದೇ.

ಸುರಪುರದ ನಮ್ಮ ವಾಡೆ ಈಗಿಲ್ಲ. ತಮ್ಮ ಅದನ್ನು ಕೆಡವಿಸಿ ಜಾಗ ಮಾರಿದ. ಅದರ ಸಾಗವಾನಿ ಬಾಗಿಲೊಂದನ್ನು ಯಾದಗಿರಿಯ ಮನೆಗೆ ಹಚ್ಚಿಸಿಕೊಂಡು, ಬಂದವರಿಗೆಲ್ಲ "ವಿಕ್ಟೋರಿಯಾ ರಾಣಿ ಕಾಲದ್ದರಿ ಇದು" ಎಂದು ತಟ್ಟಿ ತೋರಿಸುತ್ತಾನೆ. ಆ ರಾಣಿಯ ಕಾಲದಲ್ಲೇ ನಮ್ಮ ಹಿರಿಯ ರಾಚಪ್ಪ ದೇಸಾಯಿ ವಾಡೆ ಕಟ್ಟಿಸಿದ್ದಂತೆ. ನಾನು ಕಂಡದ್ದು ಅದರ ಕೊನೆಯ ದೌಲತ್ತು. ಪಡಸಾಲೆಯಲ್ಲಿ ಗಾದಿ, ಲೋಡು, ಶಹಾಪುರದ ಸಾವಕಾರರು ಒಂದು ಕಡೆ, ತಿಂಥಣಿ ಕಡೆಯ ಗೌಡರು ಇನ್ನೊಂದು ಕಡೆ. ಅತ್ತರು, ತಂಬಾಕು, ಏಲಕ್ಕಿ ಹಾಕಿದ ಪಾನಕ ಇವುಗಳ ವಾಸನೆ ಬೆರೆತು ಮಧ್ಯಾಹ್ನವಿಡೀ ಆ ತಂಪಿನಲ್ಲಿ ನಿಂತಿರುತ್ತಿತ್ತು. ಎಲೆ-ಅಡಿಕೆ ಯಾರಿಗೆ ಮೊದಲು ಕೊಡಬೇಕು, ಯಾರ ಪಕ್ಕ ಯಾರು ಕೂತರೆ ಜಗಳ, ಇದೆಲ್ಲ ಗೊತ್ತಿದ್ದದ್ದು ಪರದೆಯ ಹಿಂದೆ ನಿಂತ ಒಬ್ಬ ಹೆಂಗಸಿಗೆ, ನನ್ನ ಸೋದರತ್ತೆ ನೀಲಮ್ಮನಿಗೆ. ಮೀಸೆ ತೀಡುತ್ತ ಗಾದಿಯ ಮೇಲೆ ಕೂತ ನಮ್ಮಜ್ಜನಿಗೆ ಬಂದವರ ಹೆಸರೂ ನೆನಪಿರುತ್ತಿರಲಿಲ್ಲ. ಅತ್ತೆ ಒಳಗಿಂದ ಕೆಮ್ಮಿದರೆ, ಎದ್ದು ನಿಂತು ಬರಮಾಡಿಕೊಳ್ಳಬೇಕಾದವರು ಬಂದರೆಂದು ತಿಳಿದು ಏಳುತ್ತಿದ್ದ. ಹೊರಗೆ ಹೋಗಿ ಜನ, ದೇಸಾಯರ ಮರ್ಯಾದೆ ಅಂದರೆ ಮರ್ಯಾದೆ ಎಂದು ಹೊಗಳುತ್ತಿದ್ದರು. ಯಾರ ಮರ್ಯಾದೆ, ಯಾರಿಗೆ ಹೊಗಳಿಕೆ!

ಅತ್ತೆಯನ್ನು ಕಕ್ಕೇರಾಕ್ಕೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ, ತವರಿಗೆ ಮರಳಿದಳು. ಆಗಷ್ಟೇ ನಮ್ಮಜ್ಜಿ ನಮ್ಮಪ್ಪನನ್ನು ಹೆತ್ತು ಕಣ್ಣು ಮುಚ್ಚಿದ್ದಳು. ಆ ಹಸುಗೂಸಿಗೆ ಅರಳೆಯ ಬತ್ತಿ ಅದ್ದಿ ಅದ್ದಿ ಹಾಲು ಕುಡಿಸಿ ಉಳಿಸಿಕೊಂಡವಳು ಅತ್ತೆ. ಮುಂದೆ ಆ ಕೂಸಿನ ಮಕ್ಕಳಾದ ನಮ್ಮನ್ನೂ ಸೊಂಟದ ಮೇಲೆ ಹೊತ್ತಳು. ಆಕೆಯ ಸೊಂಟದಲ್ಲಿ ಉಗ್ರಾಣದ ಬೀಗದ ಕೈ ಗೊಂಚಲು. ನಾನು ಓಡಿಹೋಗಿ ತಬ್ಬಿದರೆ ಅದು ಕಿವಿಗೆ ತಣ್ಣಗೆ ತಾಗುತ್ತಿತ್ತು, ಸೀರೆಯಲ್ಲಿ ವಿಭೂತಿ ಮತ್ತು ಹೊಸ ಜೋಳದ ವಾಸನೆ ಇರುತ್ತಿತ್ತು.

ಒಂದು ಸುಗ್ಗಿಯಲ್ಲಿ ಹೆಳವ ಬಂದ. ಎತ್ತಿನ ಮೇಲೆ ಕೂತೇ ರಾಚಪ್ಪನಿಂದ ಹಿಡಿದು ನಮ್ಮಪ್ಪನವರೆಗೆ ಏರುದನಿಯಲ್ಲಿ ಹೇಳಿ ಮುಗಿಸಿ, "ಹೊಸ ಹೆಸರು ಏನದಾವ್ರಿ, ದೇಸಾಯರ?" ಎಂದು ಕೇಳಿದ. ಅಜ್ಜ, ಆಗತಾನೇ ಹುಟ್ಟಿದ್ದ ನನ್ನ ತಮ್ಮನ ಹೆಸರು ಹೇಳಿದ. ಮೊರದಲ್ಲಿ ಜೋಳ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆ, "ಹುಡುಗಿ ಹೆಸರೂ ಹೇಳ್ರಿ ಯಪ್ಪಾ, ಆಕಿನ ದೊಡ್ಡಾಕಿ" ಅಂದಳು. ನಾನು ಆಕೆಯ ಸೆರಗು ಹಿಡಿದು ನಿಂತಿದ್ದೆ.

ಅಜ್ಜ ನಕ್ಕ. ಆ ನಗುವನ್ನು ನಾನು ಸತ್ತರೂ ಮರೆಯುವುದಿಲ್ಲ. "ಹೆಣ್ಮಕ್ಕಳು ಹೊರಗಿನವರವ್ವ. ಕೊಟ್ಟ ಹೆಣ್ಣು ಕುಲಕ್ಕ ಹೊರಗು. ಅವರ ಹೆಸರು ಹೆಳವನ ಬಾಯಾಗ ಯಾಕ?"

ಅತ್ತೆ ಮೊರವನ್ನು ಮೆಲ್ಲಗೆ ನೆಲಕ್ಕಿಟ್ಟಳು. "ಹಂಗಾರ ಹೊರಗಿನಾಕಿ ಕೈಲೆ ಒಳಗಿನ ಕಾಳು ಹೆಂಗ ಕೊಡ್ಲಿ, ಯಪ್ಪಾ?" ಎಂದು ಹೇಳಿ ಒಳಗೆ ಹೋದಳು.

ಹೆಳವ ಬರಿಗೈಯಲ್ಲಿ ಹೋದರೆ ಮನೆತನಕ್ಕೆ ಕೇಡು ಎಂದು ನಂಬಿದ ಜನ ನಾವು. ಅಜ್ಜ ರುಮಾಲು ಸಡಿಲಾಗುವಷ್ಟು ಸಿಟ್ಟಿನಲ್ಲಿ ಒಳಗೆ ನುಗ್ಗಿ, ಅತ್ತೆಯ ಸೊಂಟದಿಂದ ಬೀಗದ ಕೈ ಕಿತ್ತು ನಮ್ಮವ್ವನ ಕೈಯಲ್ಲಿ ತುರುಕಿದ. ನಮ್ಮಪ್ಪ, ಆ ಬತ್ತಿಯ ಹಾಲಿನಿಂದ ಬದುಕಿದ ನಮ್ಮಪ್ಪ, ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತಿದ್ದ. ಅಜ್ಜನ ಮೇಲಿನ ಸಿಟ್ಟು ಇಷ್ಟು ವರ್ಷಗಳಲ್ಲಿ ಸ್ವಲ್ಪ ಆರಿದೆ, ಅಪ್ಪನ ಮೇಲಿನದು ಆರಿಲ್ಲ. ಅತ್ತೆ ಆಮೇಲೂ ಬಹಳ ವರ್ಷ ಇದ್ದಳು. ಮೂಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಪರದೆಯ ಹಿಂದೆ ಮತ್ತೆ ಆಕೆ ಕೆಮ್ಮಲಿಲ್ಲ. ಆಕೆಗೆ ಮಣ್ಣು ಕೊಟ್ಟು ಬಂದ ಸಂಜೆಯೇ ಪಡಸಾಲೆಯಲ್ಲಿ ಗಂಡಸರು ಬೋನಾಳ ಕೆರೆ ತುಂಬಿದ ಸುದ್ದಿ ಮಾತಾಡುತ್ತಿದ್ದರು.

ಹೋದ ತಿಂಗಳು ಈ ಹೆಳವನೂ ರಾಚಪ್ಪನಿಂದಲೇ ಶುರು ಮಾಡಿದ. ಅಜ್ಜ ಬಂದ, ಅಪ್ಪ ಬಂದ, ತಮ್ಮ ಬಂದ, ಅವನ ಮಗ ಬಂದ, ತೊಟ್ಟಿಲಲ್ಲಿದ್ದ ಮೊಮ್ಮಗನೂ ಬಂದ. ನಾನು ಎದ್ದು ನಿಂತೆ.

"ನೀಲಮ್ಮನ ಹೆಸರು ಹೇಳಪಾ."

"ಅದು ನಮ್ಮ ಬಾಯಾಗ ಬಂದಿಲ್ರಿ ಅವ್ವಾರ. ನಮ್ಮ ಹಿರ್ಯಾರು ಹೇಳಿದ್ದಷ್ಟ ನಾವು ಹೇಳ್ತೀವ್ರಿ."

"ಅಕ್ಕಾ, ಓಣಿ ಮಂದಿ ನೋಡಾಕತ್ತಾರ, ಸುಮ್ಮಕಿರು," ಎಂದ ತಮ್ಮ. "ಸತ್ತಾಕಿ ಹೆಸರು ತಗೊಂಡು ಏನ್ ಮಾಡ್ತಿ? ಹೆಣ್ಮಕ್ಕಳು ಹೊರಗಿನವರು, ಮೊದಲಿಂದ ಹಂಗ ನಡದೈತಿ."

ಅದೇ ಮಾತು, ಅಜ್ಜನ ಬಾಯಿಂದ ಕಳಚಿ ಇವನ ಬಾಯಿಗೆ ಹಚ್ಚಿದಂತೆ. ತಮ್ಮನ ಸೊಸೆ ಜೋಳದ ಮೊರ ಹಿಡಿದು ರಾಣಿಯ ಕಾಲದ ಆ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಅವಳ ಹಿರಿಯ ಮಗಳು, ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡು. "ನನ್ನ ಹೆಸರು ಯಾಕ ಹೇಳ್ಲಿಲ್ಲವ್ವಾ?" ಎಂದಿತು ಮಗು.

ಸೊಸೆ ನನ್ನನ್ನು ನೋಡಿದಳು. ನೀಲಮ್ಮತ್ತೆಯ ಕತೆಯನ್ನು ನಾನು ಅವಳಿಗೆ ಎಂದೋ ಹೇಳಿದ್ದೆ. ಅವಳು ಮೊರವನ್ನು ಒಳಗೆ ಒಯ್ದು, ಜೋಳವನ್ನು ತಿರುಗಿ ಡಬ್ಬಿಗೆ ಸುರಿದು, ಮಗಳ ಕೈ ಹಿಡಿದುಕೊಂಡು ಬಂದು ನನ್ನ ಪಕ್ಕ ಕಟ್ಟೆಯ ಮೇಲೆ ಕೂತಳು.

ಹೆಳವ ಗಂಟೆ ಹಿಡಿದು ಕಾಯುತ್ತಿದ್ದ. ತಮ್ಮ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿ, ಧೋತರ ಎತ್ತಿ ಹಿಡಿದು ತಾನೇ ಅಡುಗೆಮನೆಗೆ ಹೋದ. ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆಯುವ, ಬಡಿಯುವ ಸದ್ದು ಕೇಳಿಸಿತು.

"ಜ್ವಾಳ ಎಲ್ಲಿಟ್ಟೀರಿ?" ಎಂದು ಒಳಗಿಂದ ಕೂಗಿದ.

ನಾವು ಯಾರೂ ಹೇಳಲಿಲ್ಲ.