ಒಂದಾದ ಎರಡು ಟ್ಯಾಗುಗಳು

ಪಂಪ್‌ಸೆಟ್ ರಿಪೇರಿಯವರ ನಮ್ಮ ಆನ್‌ಲೈನ್ ವೇದಿಕೆಯನ್ನು ಕೊಪ್ಪಳದ ಐಟಿಐ ಶಿಕ್ಷಕಿಯೊಬ್ಬರು ನೋಡಿಕೊಳ್ಳುತ್ತಿದ್ದರು. ಬೇರೆ ಬೇರೆ ಸಂಗತಿಗಳನ್ನು ಯಾರಾದರೂ ಒಂದೇ ಎಂದರೆ ಸಿಟ್ಟಿನಿಂದ ಬಳೆಗಳನ್ನು ಮೊಣಕೈಯತ್ತ ಸರಿಸಿ, "ಎರಡು ಅಂದ್ರ ಎರಡ" ಎನ್ನುತ್ತಿದ್ದರು.

ಪ್ರಶ್ನೆಗಳಿಗೆ ಹಚ್ಚುವ 'ಅರ್ಥಿಂಗ್' (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ), 'ನ್ಯೂಟ್ರಲ್' (ಬಂದ ಕರೆಂಟು ಮರಳುವ ತಂತಿ) ಟ್ಯಾಗುಗಳನ್ನು ಕೂಡಿಸಬೇಕೆಂದು ಗಂಗಾವತಿಯ ಮೆಕ್ಯಾನಿಕ್ ಹಟ ಹಿಡಿದ.

"ಅಕ್ಕಾರ, ನೆಲಕ್ಕ ಕಬ್ಬಿಣದ ಸಳಿ ಹೊಡದು ತಂತಿ ಕಟ್ಟಿದ್ರೂ ಬಲ್ಬ್ ಹತ್ತತೈತ್ರಿ. ಎರಡೂ ಒಂದ ಅಲ್ಲೇನ್ರಿ?"

"ಹತ್ತತೈತಿ ಅಂತನ ಬ್ಯಾಡ ಅನ್ನಾಕತ್ತೀನಿ, ತಮ್ಮಾ. ಬಲ್ಬ್ ಹತ್ತಿದ್ರ ಆ ಸಳಿಯೊಳಗೂ ಕರೆಂಟ್ ಹರೀತೈತಿ."

ಹೆಚ್ಚಿನವರು ಅವನ ಕಡೆ ನಿಂತರು. ಟ್ಯಾಗುಗಳು ಒಂದಾದವು.

ಕುಷ್ಟಗಿ ಕಡೆಯವನೊಬ್ಬ ಹರಿದ ನ್ಯೂಟ್ರಲ್ ತಂತಿಗೆ ಪರಿಹಾರ ಹುಡುಕಿದ. ಒಂದಾದ ಟ್ಯಾಗಿನಡಿ, ಅರ್ಥಿಂಗಿಗೆಂದು ಬರೆದಿದ್ದ ಉತ್ತರ ಅವನಿಗೆ ಸಿಕ್ಕಿತು: ತಂತಿಯನ್ನು ಬೋರಿನ ಪೈಪಿಗೆ ಬಿಗಿಯಿರಿ. ಹಾಗೇ ಬಿಗಿದ; ಮೋಟರಿನಿಂದ ಮರಳುವ ಕರೆಂಟು ಪೈಪಿಗೆ ಹರಿಯಿತು. ಆ ಪೈಪು ಮುಟ್ಟಿ ಅವನ ಹೆಂಡತಿ ಸತ್ತಳು.

ಸುದ್ದಿ ತಿಳಿದ ದಿನ ಮೆಕ್ಯಾನಿಕ್ ಶಿಕ್ಷಕಿಯನ್ನು ಕೇಳಿದ, "ಟ್ಯಾಗ್ ಮತ್ತ ಬ್ಯಾರೆ ಮಾಡೂಣೇನ್ರಿ?"

"ಮಾಡು. ಮೊದಲ ಆ ಮನಿಗೆ ಹೋಗಿ, ಯಾಕ ಮಾಡಾಕತ್ತೀನಿ ಅಂತ ಹೇಳಿ ಬಾ."